ಇಂಗ್ಲಿಷಿನ ಅಂಕಿತನಾಮಕ್ಕೆ ದೊಡ್ಡಕ್ಷರ: ಮಕ್ಕಳಿಗೆ ಹೇಗೆ ಕಲಿಸುತ್ತೀರಿ?

ಕೋರಿಕೆ (ಯಶವಂತಪುರದ ಶಿಕ್ಷಕಿ): ಕನ್ನಡ ಮಾಧ್ಯಮದ ಐದನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ವಾಕ್ಯದ ಆರಂಭದಲ್ಲಿ ತಪ್ಪದೆ ದೊಡ್ಡಕ್ಷರ ಬರೆಯುವ ಮಕ್ಕಳು, ನಡುವೆ ಬರುವ ಗೆಳೆಯರ ಮತ್ತು ಊರುಗಳ ಹೆಸರನ್ನು ಸಣ್ಣಕ್ಷರದಲ್ಲೇ ಬರೆಯುತ್ತಾರೆ. ನಿಯಮ ಕೇಳಿದರೆ ಬಾಯಿಪಾಠ ಒಪ್ಪಿಸುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಜಯನಗರದ ನಿವೃತ್ತ ಶಿಕ್ಷಕರು: ಮೇಡಂ, ಇದನ್ನು ಮರೆವು ಎಂದೇ ನಾನೂ ಬಹುಕಾಲ ಭಾವಿಸಿದ್ದೆ. ಕನ್ನಡ ಲಿಪಿಯಲ್ಲಿ ದೊಡ್ಡದು, ಸಣ್ಣದು ಎಂಬ ಭೇದವೇ ಇಲ್ಲದಿರುವಾಗ, ಹೆಸರೊಂದು ಕಣ್ಣಿಗೆ ಬೇರೆಯಾಗಿ ಕಾಣಬೇಕಾದುದು ಏಕೆ ಎಂಬುದೇ ಮಗುವಿಗೆ ಹೊಳೆದಿರುವುದಿಲ್ಲ. ಆದ್ದರಿಂದ ನಾನು ಮೊದಲು ಕಪ್ಪುಹಲಗೆಯ ಮೇಲೆ 'ಜ್ಯೋತಿ ಆರಿತು', 'ಜ್ಯೋತಿ ಬಂದಳು' ಎಂದು ಬರೆಯುತ್ತಿದ್ದೆ. ಹುಡುಗಿ ಯಾವ ವಾಕ್ಯದಲ್ಲಿದ್ದಾಳೆ ಎಂದರೆ ಇಡೀ ತರಗತಿ ಉತ್ತರಿಸುತ್ತಿತ್ತು. ಹೇಗೆ ತಿಳಿಯಿತು ಎಂದರೆ ಕ್ರಿಯಾಪದದ ಕೊನೆಯನ್ನು ತೋರಿಸುತ್ತಿತ್ತು. ಇಂಗ್ಲಿಷಿನಲ್ಲಿ ಬಂದಳು, ಬಂದನು, ಬಂದಿತು ಎಲ್ಲಕ್ಕೂ 'ಕೇಮ್' ಒಂದೇ ಆದುದರಿಂದ ಆ ಸುಳಿವು ಅಲ್ಲಿ ದೊರೆಯುವುದಿಲ್ಲ. 'ರೋಸ್' ಎಂಬುದು ಹೂವೋ ಹುಡುಗಿಯೋ ಎಂದು ತಿಳಿಸುವುದರಲ್ಲಿ ಮೊದಲ ಅಕ್ಷರದ ಪಾತ್ರ ದೊಡ್ಡದು. ಇಷ್ಟು ಮನದಟ್ಟಾದ ಮೇಲೆ 'ನದಿ' ಎಲ್ಲ ನದಿಗಳಿಗೂ ಸಲ್ಲುವ ರೂಢನಾಮ, 'ಕಾವೇರಿ' ಒಂದಕ್ಕೇ ಇಟ್ಟ ಅಂಕಿತನಾಮ ಎಂಬ ಕನ್ನಡ ವ್ಯಾಕರಣದ ಪಾಠವನ್ನೇ ಮುಂದುವರಿಸಬಹುದು. ವೃತ್ತಿ, ಗುಣ ಮುಂತಾದವುಗಳಿಂದ ಬರುವ ಅನ್ವರ್ಥನಾಮವನ್ನೂ ಬಿಡಬೇಡಿ. ವೈದ್ಯ, ಶಿಕ್ಷಕ ಎಂಬ ಪದಗಳಿಗೆ ನನ್ನ ಮಕ್ಕಳು ಗೌರವಕ್ಕೆಂದು ದೊಡ್ಡಕ್ಷರ ಹಾಕುತ್ತಿದ್ದರು, ಅದನ್ನು ಮೃದುವಾಗಿಯೇ ತಿದ್ದಬೇಕಾಯಿತು.

ಮಲ್ಲೇಶ್ವರದ ಶಿಕ್ಷಕಿ: ಜ್ಯೋತಿಯ ಉದಾಹರಣೆ ವ್ಯಕ್ತಿಗಳ ಹೆಸರಿಗೆ ಚೆನ್ನಾಗಿ ಒಪ್ಪುತ್ತದೆ, ಸ್ಥಳಗಳಿಗೆ ಸಾಲದು, ನದಿಯೂ ಹರಿಯುತ್ತದೆ, ಕಾವೇರಿಯೂ ಹರಿಯುತ್ತದೆ. ಅದಕ್ಕಾಗಿ ನಾನು ಬೀದಿಯ ಅಂಗಡಿ ಫಲಕಗಳನ್ನು ನೋಡಿ ಬರೆದು ತರಲು ಹೇಳಿ ತಪ್ಪು ಮಾಡಿದೆ. ಅನೇಕ ಫಲಕಗಳಲ್ಲಿ ಎಲ್ಲ ಅಕ್ಷರಗಳೂ ದೊಡ್ಡವೇ ಆಗಿದ್ದುದರಿಂದ ಮಕ್ಕಳು ಇಡೀ ಹೆಸರನ್ನೇ ದೊಡ್ಡಕ್ಷರದಲ್ಲಿ ಬರೆಯತೊಡಗಿದರು. ಈಗ 'ನಾವು ಒಂದು ಕೆರೆ ನೋಡಿದೆವು', 'ನಾವು ಹಲಸೂರು ಕೆರೆ ನೋಡಿದೆವು' ಎಂಬ ಜೋಡಿಯನ್ನು ಇಂಗ್ಲಿಷಿನಲ್ಲಿ ಬರೆಸುತ್ತೇನೆ. ಮೊದಲನೆಯದರಲ್ಲಿ 'ಲೇಕ್' ಸಣ್ಣಕ್ಷರದಿಂದ, ಎರಡನೆಯದರಲ್ಲಿ ಹೆಸರಿನ ಭಾಗವಾಗಿರುವುದರಿಂದ ದೊಡ್ಡಕ್ಷರದಿಂದ ಆರಂಭವಾಗುತ್ತದೆ. ಕೆ.ಆರ್. ಮಾರುಕಟ್ಟೆಯೂ ಉಪಯುಕ್ತವಾಯಿತು: ಆ ಎರಡು ಅಕ್ಷರಗಳು ಕೃಷ್ಣರಾಜೇಂದ್ರ ಎಂಬ ಹೆಸರಿನವು ಎಂದಾಗ, ತಮ್ಮ ಹೆಸರಿನ ಇನಿಶಿಯಲ್ ಏಕೆ ದೊಡ್ಡಕ್ಷರ ಎಂಬುದನ್ನು ಮಕ್ಕಳೇ ಹೇಳಿದರು.

ಕೆಂಗೇರಿಯ ಶಿಕ್ಷಕರು: ವಾರ, ತಿಂಗಳುಗಳಿಗೆ ದೊಡ್ಡಕ್ಷರ, ಬೇಸಿಗೆ ಚಳಿಗಾಲಗಳಿಗೆ ಸಣ್ಣಕ್ಷರ, ಭಾಷೆಗಳಾದ ಕನ್ನಡ, ಇಂಗ್ಲಿಷ್‌ಗಳಿಗೆ ದೊಡ್ಡಕ್ಷರ, ಗಣಿತ ವಿಜ್ಞಾನಗಳಿಗೆ ವಾಕ್ಯದ ನಡುವೆ ಸಣ್ಣಕ್ಷರ. ಇವೆಲ್ಲವನ್ನೂ ಒಂದೇ ದಿನ ಹೇಳಬೇಡಿ. ಮೊದಲ ಎರಡು ವಾರ ತನ್ನ ಹೆಸರು, ಪಕ್ಕದಲ್ಲಿ ಕೂತವರ ಹೆಸರು, ತನ್ನ ಬಡಾವಣೆಯ ಹೆಸರು ಇಷ್ಟೇ ಸಾಕು. ತಪ್ಪಿದಲ್ಲಿ ಕೆಂಪು ಶಾಯಿಯಲ್ಲಿ ನೀವು ತಿದ್ದುವ ಬದಲು 'ಇದು ಯಾರ ಹೆಸರು?' ಎಂದು ಕೇಳಿ, ಪೆನ್ಸಿಲನ್ನು ಮಗುವಿನ ಕೈಯಲ್ಲೇ ಬಿಡಿ.