ಫೋಮ್ ಮಿಡತೆ ಫ್ಲೈ ನೀರಲ್ಲಿ ಪಕ್ಕಕ್ಕೆ ವಾಲುತ್ತೆ, ಎಲ್ಲಿ ತಪ್ಪು?

ಹೊಳೆದಂಡೆ
ಬೇಸಿಗೆಯಲ್ಲಿ ಟ್ರೌಟ್ ಮೀನು ಹಿಡಿಯಲು ಮಿಡತೆ ಡ್ರೈ ಫ್ಲೈ (ನೀರಿನ ಮೇಲೆ ತೇಲುವ, ಕೀಟದ ರೂಪದ ಗಾಳ) ಕಟ್ಟುತ್ತಿದ್ದೇನೆ. 10ನೇ ಸೈಜಿನ 2ಎಕ್ಸ್ ಉದ್ದದ (ಮಾಮೂಲಿಗಿಂತ ಉದ್ದ ಕಡ್ಡಿಯ) ಹುಕ್, ಮೈಗೆ 2 ಮಿ.ಮೀ. ಫೋಮ್, ರೆಕ್ಕೆಗೆ ಜಿಂಕೆ ಕೂದಲು, ರಬ್ಬರ್ ಕಾಲು. ನಾಲ್ಕೈದು ಸಲ ಎಸೆಯುವಷ್ಟರಲ್ಲಿ ಫೋಮ್ ಹುಕ್ ಸುತ್ತ ತಿರುಗಿ ಕೂರುತ್ತೆ. ತೇಲುವಾಗ ಒಂದು ಪಕ್ಕಕ್ಕೆ ವಾಲುತ್ತೆ. ಮೀನು ಬಾಯಿ ಹಾಕಿದರೂ ಹುಕ್ ಸಿಕ್ಕಿಕೊಳ್ಳಲ್ಲ. ದಾರ ಬಿಗಿ ಮಾಡಿದರೆ ಫೋಮೇ ಕತ್ತರಿಸಿ ಹೋಗುತ್ತೆ. ಏನು ಮಾಡಬೇಕು?

ನೂಲುಂಡೆ
ಫೋಮ್ ತಿರುಗೋದು ಬರಿ ಶ್ಯಾಂಕ್ (ಹುಕ್‌ನ ನೇರ ಕಡ್ಡಿ) ಮೇಲೆ ಕಟ್ಟಿದಾಗ. ಮೊದಲು ಹುಕ್‌ನ ಕಣ್ಣಿನಿಂದ (ಟಿಪೆಟ್ ದಾರ ಪೋಣಿಸುವ ತೂತು) ಬಾಗಿನವರೆಗೆ ಒತ್ತೊತ್ತಾಗಿ ದಾರ ಸುತ್ತಿ, ವಾಪಸ್ ಬರುವಾಗ ಬಿಡಿಬಿಡಿಯಾಗಿ ಓರೆ ಸುತ್ತು ಹಾಕಿ. ಆ ಏಣುಗಳೇ ಫೋಮ್‌ಗೆ ಹಿಡಿತ. ಅದರ ಮೇಲೆ ಸೂಪರ್ ಗ್ಲೂ ತೆಳ್ಳಗೆ ಸವರಿ ತಕ್ಷಣ ಫೋಮ್ ಕೂರಿಸಿ.

ದಾರ 140 ಡೆನಿಯರ್ (ದಾರದ ದಪ್ಪದ ಅಳತೆ) ಇರಲಿ, ಅದಕ್ಕಿಂತ ಸಣ್ಣದು ಬ್ಲೇಡಿನ ಹಾಗೆ ಕೊಯ್ಯುತ್ತೆ. ಪ್ರತಿ ಕಟ್ಟಿನಲ್ಲೂ ಮೊದಲ ಎರಡು ಸುತ್ತು ಸಡಿಲ, ಫೋಮ್ ಸ್ವಲ್ಪ ತಗ್ಗಿದ ಮೇಲೆ ಮೂರನೇ ಸುತ್ತಿಗೆ ಬಿಗಿ. ಮುಂದಿನ ಕಟ್ಟಿಗೆ ಹೋಗುವಾಗ ಫೋಮ್ ಎತ್ತಿ ಹಿಡಿದು, ದಾರವನ್ನು ಶ್ಯಾಂಕ್ ಮೇಲೆಯೇ ಸಾಗಿಸಿ.

ಮೀನು ಸಿಕ್ಕಿಕೊಳ್ಳದಿರೋದಕ್ಕೂ ಬಹುಶಃ ಇದೇ ಫೋಮ್ ಕಾರಣ. ಪಟ್ಟಿ ಹುಕ್‌ನ ಬಾಯಿಗಿಂತ (ಮೊನೆಗೂ ಶ್ಯಾಂಕ್‌ಗೂ ನಡುವಿನ ಜಾಗ) ಅಗಲ ಇದ್ದರೆ ಎರಡೂ ಅಂಚು ಕೆಳಗೆ ಮಡಚಿ ಬಾಯಿ ಮುಚ್ಚುತ್ತವೆ. ಪಟ್ಟಿಯನ್ನು ಹುಕ್‌ನ ಬಾಯಿಯಷ್ಟೇ ಅಗಲ ಕತ್ತರಿಸಿ, ಶ್ಯಾಂಕ್‌ನ ಮೇಲ್ಭಾಗದಲ್ಲಿ ಕೂರಿಸಿ. ಬಾಲ ಬಾಗಿನಿಂದ ಆಚೆ ಬಹಳ ಚಾಚದಿರಲಿ. ಚಾಚಿದರೆ ಮೀನಿನ ಬಾಯಿಗೆ ಬರೀ ಫೋಮ್ ಸಿಗುತ್ತೆ.

ಕಡ್ಡಿಕಾಲು
ವಾಲೋದು ಬೇರೆ ಕತೆ, ಅದು ರೆಕ್ಕೆ ಮತ್ತು ಕಾಲಿನದು. ಕೂದಲು ಜಾಸ್ತಿಯಾದರೆ ಮೇಲ್ಭಾರ. ಬುಡದ ಸಣ್ಣ ತುಪ್ಪಳವನ್ನೆಲ್ಲ ಬಾಚಿ ತೆಗೆದ ಮೇಲೆ ಬೆಂಕಿಕಡ್ಡಿ ದಪ್ಪದ ಕಟ್ಟು ಸಾಕು. ಎರಡೂ ಕಡೆಯ ಕಾಲು ಒಂದೇ ಸುತ್ತಿನ ಜಾಗದಲ್ಲಿ, ಒಂದೇ ಎತ್ತರದಲ್ಲಿ ಇರಬೇಕು. ಹೊರಕ್ಕೆ ಚಾಚಿ ತುಸು ಕೆಳಗಿಳಿದಿರಬೇಕು. ಆಗ ದೋಣಿಗೆ ಪಕ್ಕದಲ್ಲಿ ಕಟ್ಟಿದ ದಿಮ್ಮಿಯ ಹಾಗೆ ಅವೇ ಆಧಾರ ಕೊಡುತ್ತವೆ.

ಹೊಳೆಗೆ ಹೋಗೋ ಮುಂಚೆ ನೀರು ತುಂಬಿದ ಬೇಸಿನ್‌ಗೆ ಮೊಣಕೈ ಎತ್ತರದಿಂದ ಹತ್ತು ಸಲ ಬೀಳಿಸಿ ನೋಡಿ. ಎಂಟು ಸಲವಾದರೂ ನೆಟ್ಟಗೆ ಕೂರಬೇಕು. ಪ್ರತಿ ಸಲ ಒಂದೇ ಪಕ್ಕಕ್ಕೆ ವಾಲಿದರೆ ಕಾಲು ಸರಿಪಡಿಸಿ, ಎರಡೂ ಪಕ್ಕಕ್ಕೆ ವಾಲಿದರೆ ರೆಕ್ಕೆ ಕಡಿಮೆ ಮಾಡಿ.

ನೂಲುಂಡೆಯವರ ಮಾತಿಗೆ ಒಂದು ಸೇರ್ಪಡೆ: ಗ್ಲೂ ರಬ್ಬರ್ ಕಾಲಿಗೆ ತಾಗಬಾರದು. ತಾಗಿದ ಕಡೆ ಕಾಲು ಕಡ್ಡಿಯಾಗಿ ನಿಲ್ಲುತ್ತೆ, ಅಲ್ಲಾಡಲ್ಲ.

ತಣ್ಣೀರು
ಕಟ್ಟುವುದರಲ್ಲೇ ಎಲ್ಲ ತಪ್ಪು ಹುಡುಕಬೇಡಿ. ಟಿಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ) ಯಾವುದು? 5ಎಕ್ಸ್ ಆದರೆ (ಎಕ್ಸ್ ಅಂಕಿ ಏರಿದಷ್ಟೂ ಟಿಪೆಟ್ ತೆಳು) ಇಷ್ಟು ದೊಡ್ಡ ಫ್ಲೈ ಗಾಳಿಯಲ್ಲಿ ಫ್ಯಾನಿನಂತೆ ಸುತ್ತಿ ಟಿಪೆಟ್ ಹುರಿಗೊಳ್ಳುತ್ತೆ, ಆ ಹುರಿಯೇ ನೀರಲ್ಲಿ ಫ್ಲೈಯನ್ನು ಮಗುಚುತ್ತೆ. 7.5 ಅಡಿ ಲೀಡರ್ (ಲೈನ್‌ಗೂ ಟಿಪೆಟ್‌ಗೂ ನಡುವಿನ ದಾರ), 3ಎಕ್ಸ್ ಟಿಪೆಟ್, ಅಂದರೆ ಸುಮಾರು 0.20 ಮಿ.ಮೀ. ಹಾಕಿ. ಹುರಿ ಬಿದ್ದಿದ್ದರೆ ಫ್ಲೈ ಬಿಚ್ಚಿ, ಲೈನನ್ನು ಹರಿವಿನಲ್ಲಿ ಒಂದೆರಡು ನಿಮಿಷ ಇಳಿಬಿಡಿ, ತಾನೇ ಬಿಚ್ಚಿಕೊಳ್ಳುತ್ತೆ.

ಬೆಳಗ್ಗೆ ತಂಪಿನಲ್ಲಿ ಮಿಡತೆ ಮರಗಟ್ಟಿ ಹುಲ್ಲಿನಲ್ಲೇ ಕೂತಿರುತ್ತೆ. ಬಿಸಿಲೇರಿ ಗಾಳಿ ಎದ್ದ ಮೇಲೆ ನೋಡಿ. ಹುಲ್ಲಿನ ಕಡೆಯಿಂದ ನೀರಿಗೆ ಗಾಳಿ ಬೀಸುವ ದಂಡೆ ಆರಿಸಿಕೊಂಡು, ಅಂಚಿನಿಂದ ಒಂದಡಿ ಒಳಗೆ ಫ್ಲೈ ಬೀಳಿಸಿ. 'ತಪ್' ಅಂತ ಸದ್ದಾಗಿ ಬೀಳಲಿ, ನಿಜವಾದ ಮಿಡತೆಯೂ ಹಾಗೇ ಬೀಳೋದು. ಒಮ್ಮೆ ಎರಡು ಸೆಂ.ಮೀ. ಮಾತ್ರ ಮಿಡುಕಿಸಿ, ಆಮೇಲೆ ಸುಮ್ಮನೆ ತೇಲಲು ಬಿಡಿ. ಮೀನು ಬಾಯಿ ಮುಚ್ಚಿ ತಲೆ ಕೆಳಗೆ ಮಾಡುವ ತನಕ ರಾಡ್ ಎತ್ತಬೇಡಿ. ನೀರು ಚಿಮ್ಮಿದ ತಕ್ಷಣ ಎಳೆದರೆ ಎಂಥ ಹುಕ್ಕೂ ಸಿಕ್ಕಿಕೊಳ್ಳಲ್ಲ.

ಹೊಳೆದಂಡೆ
ಟಿಪೆಟ್ 5ಎಕ್ಸೇ. ಫೋಮ್ ಪಟ್ಟಿಯೂ ಅಗಲವೇ ಇದೆ. ಇನ್ನೊಂದು: ತಿಳಿಯಾದ ನಿಧಾನ ನೀರಿನಲ್ಲಿ ಮೀನು ಹತ್ತಿರ ಬಂದು ನೋಡಿ ವಾಪಸ್ ಹೋಗುತ್ತೆ. ಕೆಳಗೆ ನಿಂಫ್ (ಮುಳುಗಿ ಸಾಗುವ, ಮರಿಕೀಟದಂಥ ಫ್ಲೈ) ಕಟ್ಟಲೇ?

ತಣ್ಣೀರು
ಅಂಥ ನೀರಿಗೆ ಫೋಮ್ ಬಿಟ್ಟು ಲೆಟೋರ್ಟ್ ಹಾಪರ್ ಅನ್ನೋ ಮಿಡತೆ ಫ್ಲೈ ಕಟ್ಟಿ. ಹೆಸರು ಪೆನ್ಸಿಲ್ವೇನಿಯಾದ ಲೆಟೋರ್ಟ್ ಹೊಳೆಯದು. ಡಬ್ಬಿಂಗ್ (ದಾರಕ್ಕೆ ಹೊಸೆದ ತುಪ್ಪಳ) ಮೈ, ಮೇಲೆ ಮಟ್ಟಸವಾಗಿ ಟರ್ಕಿ ಗರಿ, ಜಿಂಕೆ ಕೂದಲಿನ ಕತ್ತರಿಸಿದ ತಲೆ, ಅಷ್ಟೇ. ಮೈ ನೀರಿಗೆ ಅಂಟಿಕೊಂಡು ತೇಲುತ್ತೆ. 12ನೇ ಸೈಜಿನಿಂದ ಶುರು ಮಾಡಿ (ಸೈಜಿನ ಅಂಕಿ ಏರಿದಷ್ಟೂ ಹುಕ್ ಚಿಕ್ಕದು).

ನಿಂಫ್ ಕಟ್ಟೋದಾದರೆ ಫೋಮ್ ಫ್ಲೈಗೇ ಕಟ್ಟಿ: ಹುಕ್‌ನ ಬಾಗಿನಿಂದ 45–60 ಸೆಂ.ಮೀ. ಟಿಪೆಟ್, ತುದಿಗೆ ಮಣಿ ಇರುವ 16ನೇ ಸೈಜು. ಭಾರ ಹೆಚ್ಚಾದರೆ ಮಿಡತೆಯ ಬಾಲ ಮುಳುಗುತ್ತೆ. ಹುಲ್ಲು ಬಾಗಿದ ದಂಡೆಯಲ್ಲಿ ಮಾತ್ರ ಬೇಡ, ಮೂರಕ್ಕೊಂದು ಎಸೆತ ಹುಲ್ಲಿಗೇ ಸಿಕ್ಕುತ್ತೆ.

ಜೇಬಿನಲ್ಲಿ ಥರ್ಮಾಮೀಟರ್ ಇರಲಿ. ಮಿಡತೆ ಹೊತ್ತೇ ನೀರು ಕಾಯುವ ಹೊತ್ತು. 20 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಲೈನ್ ಸುತ್ತಿಡಿ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಟ್ಟ ಮೀನೂ ಸುಧಾರಿಸಿಕೊಳ್ಳದೆ ಸಾಯಬಹುದು.