ಲೆಕ್ಕ ಸರಿಯಿದ್ದೂ ಚನ್ನಪಟ್ಟಣ ವಿಮಾನದ ಹೊಟ್ಟೆ ಕೆಳಗೇ ಬಂದರೆ: ಗಾಳಿ ತಪ್ಪೋ, ಡಿಐ (ದಿಕ್ಕು ತೋರಿಸುವ ಗೈರೊ ಉಪಕರಣ) ತಪ್ಪೋ?

ಹೊಸರೆಕ್ಕೆ:
ಡೆಡ್ ರೆಕನಿಂಗ್ (ವೇಗ, ದಿಕ್ಕು, ಹೊತ್ತಿನ ಲೆಕ್ಕದಲ್ಲೇ ದಾರಿ ಹಿಡಿಯೋದು) ಅಭ್ಯಾಸಕ್ಕೆ ಚಾರ್ಟ್ ಮೇಲೆ ಜಕ್ಕೂರು–ಮೈಸೂರು ನೇರ ಗೆರೆ ಎಳೆದಿದ್ದೇನೆ. ಟ್ರೂ ಟ್ರ್ಯಾಕ್ (ನಿಜ ಉತ್ತರದಿಂದ ಅಳೆದ ದಾರಿಯ ದಿಕ್ಕು) 227, ದೂರ 75 ನಾಟಿಕಲ್ ಮೈಲಿ. ಸೆಸ್ನಾ 172, ಟಿಎಎಸ್ (ಗಾಳಿಯಲ್ಲಿ ವಿಮಾನದ ನಿಜ ವೇಗ) 100 ನಾಟ್, ಮುನ್ಸೂಚನೆಯ ಗಾಳಿ 270/20, ಅಂದರೆ 270 ಡಿಗ್ರಿ ಕಡೆಯಿಂದ 20 ನಾಟ್. ಬಲಕ್ಕೆ 8 ಡಿಗ್ರಿ ತಿದ್ದುಪಡಿ, ಗ್ರೌಂಡ್‌ಸ್ಪೀಡ್ (ನೆಲದ ಲೆಕ್ಕದಲ್ಲಿ ವೇಗ) 84 ಬರುತ್ತೆ. ಹೆಡಿಂಗ್ (ಮೂಗಿನ ದಿಕ್ಕು) 235 ಟ್ರೂ, ವೇರಿಯೇಶನ್ (ನಿಜ ಉತ್ತರಕ್ಕೂ ಕಂಪಾಸಿನ ಉತ್ತರಕ್ಕೂ ಇರುವ ವ್ಯತ್ಯಾಸ) 1 ಪಶ್ಚಿಮ ಸೇರಿಸಿದರೆ 236 ಮ್ಯಾಗ್ನೆಟಿಕ್. ಗೆರೆ ಪ್ರಕಾರ ಚನ್ನಪಟ್ಟಣ ಎಡಕ್ಕೆ 3 ಮೈಲಿ ಆಚೆ ಕಾಣಬೇಕು. 236 ಹಿಡಿದೂ ಊರು ಸೀದಾ ಕೆಳಗೇ ಬಂದರೆ ತಪ್ಪು ಎಲ್ಲಿದೆ ಅಂತ ಗಾಳಿಯಲ್ಲಿದ್ದಾಗಲೇ ಪತ್ತೆ ಮಾಡೋದು ಹೇಗೆ?

ಗಾಳಿಲೆಕ್ಕ:
ನಿಮ್ಮ ಲೆಕ್ಕ ಸರಿಯಾಗಿದೆ. ಉತ್ತರ ಗಡಿಯಾರದಲ್ಲಿದೆ.

ಚನ್ನಪಟ್ಟಣದ ಸಾಲಿಗೆ, ಅಂದರೆ ಊರು ನೇರ ಪಕ್ಕಕ್ಕೆ ಬರುವ ಜಾಗಕ್ಕೆ, 34 ಮೈಲಿ. ಕ್ಲೈಂಬ್‌ಗೆ ಹೋಗುವ ಹೆಚ್ಚುವರಿ ಹೊತ್ತು ಬದಿಗಿಟ್ಟರೆ 84 ನಾಟ್‌ನಲ್ಲಿ 24 ನಿಮಿಷ. ಗಾಳಿ ನಿಜಕ್ಕೂ 270/30 ಇದ್ದರೆ 235 ಟ್ರೂ ಹಿಡಿದ ವಿಮಾನ 222ರ ಮೇಲೆ ಜಾರುತ್ತೆ, ಗ್ರೌಂಡ್‌ಸ್ಪೀಡ್ 77ಕ್ಕೆ ಇಳಿಯುತ್ತೆ. ಅಂದರೆ ಎಡಕ್ಕೂ ಹೋಗಿರುತ್ತೀರಿ, ಎರಡು ನಿಮಿಷಕ್ಕಿಂತ ಹೆಚ್ಚು ತಡವೂ ಆಗಿರುತ್ತೆ. ಅದೇ ಡಿಐ 5 ಡಿಗ್ರಿ ಜಾಸ್ತಿ ತೋರಿಸುತ್ತಿದ್ದರೆ ಎಡಕ್ಕೆ ಹೆಚ್ಚುಕಮ್ಮಿ ಅಷ್ಟೇ ಹೋಗಿರುತ್ತೀರಿ, ಆದರೆ ಹೊತ್ತಿಗೆ ಸರಿಯಾಗಿ, 24 ನಿಮಿಷಕ್ಕೇ ತಲುಪಿರುತ್ತೀರಿ. ತಡವಾದರೆ ಗಾಳಿಯ ಮೇಲೆ ಅನುಮಾನ, ಹೊತ್ತಿಗೆ ಸರಿಯಾಗಿ ಬಂದರೆ ಡಿಐ ಮೇಲೆ. ಹೊರಟ ಸಮಯ ಬರೆದುಕೊಳ್ಳದವರಿಗೆ ಈ ವ್ಯತ್ಯಾಸ ಸಿಗೋದೇ ಇಲ್ಲ.

ಮುಂದಿನ ಗುರುತು ಮದ್ದೂರು, 44 ಮೈಲಿಗೆ. ಗೆರೆ ಊರಿನ ಮೇಲೇ ಹಾದುಹೋಗುತ್ತೆ, ಪಕ್ಕದಲ್ಲೇ ಶಿಂಷಾ ಹೊಳೆ. ಹೆದ್ದಾರಿಯನ್ನೇ ಹಿಡಿದುಕೊಂಡು ಹೋಗಬೇಡಿ: ಅದು ನಿಮ್ಮ ಗೆರೆಯನ್ನು ಇಲ್ಲೇ ಎಡದಿಂದ ಬಲಕ್ಕೆ ದಾಟುತ್ತೆ, ಮಂಡ್ಯ ಬಲಕ್ಕೆ 3 ಮೈಲಿ ಉಳಿಯುತ್ತೆ.

ಸೂಜಿಗಣ್ಣು:
ಡಿಐ ಬಗ್ಗೆ. ಭೂಮಿ ತಿರುಗೋದರಿಂದ ಗೈರೊ ತಪ್ಪುವ ಪ್ರಮಾಣ ಗಂಟೆಗೆ 15 × ಸೈನ್ ಅಕ್ಷಾಂಶ. ಬೆಂಗಳೂರಿನ 13 ಡಿಗ್ರಿಗೆ ಇದು ಗಂಟೆಗೆ 3.4 ಡಿಗ್ರಿ ಮಾತ್ರ, ದೆಹಲಿಯಲ್ಲಿ 7ರ ಮೇಲೆ. ಅದೂ ಉತ್ತರಾರ್ಧಗೋಳದಲ್ಲಿ ಓದು ಕಡಿಮೆಯಾಗುತ್ತಾ ಹೋಗುತ್ತೆ, ಅಂದರೆ ನಿಮ್ಮನ್ನು ಬಲಕ್ಕೆ ಒಯ್ಯಬೇಕು. ಅರ್ಧ ಗಂಟೆಯೊಳಗೆ 5 ಡಿಗ್ರಿ ಎಡಕ್ಕೆ ಅಂದರೆ ಕಾರಣ ಬೇರೆ: ಬೇರಿಂಗ್ ಸವೆದಿದೆ, ಸಕ್ಷನ್ (ಗೈರೊ ತಿರುಗಿಸುವ ಗಾಳಿಯ ಎಳೆತ) 4.5 ಇಂಚಿಗಿಂತ ಕೆಳಗಿದೆ, ಇಲ್ಲವೇ ಮೊದಲೇ ತಪ್ಪಾಗಿ ಸೆಟ್ ಮಾಡಿದ್ದೀರಿ. ಬಹಳ ಸಲ ಮೂರನೆಯದೇ.

10–15 ನಿಮಿಷಕ್ಕೊಮ್ಮೆ ಡಿಐಯನ್ನು ಕಂಪಾಸ್ ನೋಡಿ ಸೆಟ್ ಮಾಡಿ. ರೆಕ್ಕೆ ಸಮ, ವೇಗ ಸ್ಥಿರ, ಕಂಪಾಸಿನ ಓಲಾಟ ನಿಂತಿರಬೇಕು. ಡೀವಿಯೇಶನ್ ಕಾರ್ಡ್ (ಆ ಕಂಪಾಸಿನ ತಪ್ಪಿನ ಪಟ್ಟಿ) ನೋಡಿ, ನಾಬ್ ಒತ್ತಿ ತಿರುಗಿಸಿ. ಬಿಟ್ಟ ಮೇಲೆ ಡಿಐ ಓದು ಜಾರಿತೇ ಅಂತ ಮತ್ತೊಮ್ಮೆ ನೋಡಿ, ನಾಬ್ ಎಳೆಯುವಾಗ ಒಂದೆರಡು ಡಿಗ್ರಿ ಜಾರೋದು ಮಾಮೂಲು. ಹೆಡ್‌ಸೆಟ್ಟನ್ನು ಗ್ಲೇರ್‌ಶೀಲ್ಡ್ ಮೇಲಿಟ್ಟು ಕಂಪಾಸ್ ಓದಬೇಡಿ, ಅದರ ಸ್ಪೀಕರಿನೊಳಗೆ ಅಯಸ್ಕಾಂತ ಇದೆ.

ಹೊಸರೆಕ್ಕೆ:
ಸರಿ, 3 ಮೈಲಿ ಎಡಕ್ಕೆ ಹೋಗಿದ್ದೇನೆ. ಎಷ್ಟು ತಿರುಗಲಿ?

ಗಾಳಿಲೆಕ್ಕ:
ಒಂದಕ್ಕೆ ಅರವತ್ತರ ನಿಯಮ: 60 ಮೈಲಿಗೆ 1 ಮೈಲಿ ಸರಿದರೆ ತಪ್ಪು ಸುಮಾರು 1 ಡಿಗ್ರಿ. ಆದ ತಪ್ಪು 3 ÷ 34 × 60, ಸುಮಾರು 5 ಡಿಗ್ರಿ. ಉಳಿದ 41 ಮೈಲಿಯಲ್ಲಿ ಗೆರೆ ಸೇರಲು 3 ÷ 41 × 60, ಸುಮಾರು 4. ಎರಡನ್ನೂ ಕೂಡಿಸಿ 9 ಬಲಕ್ಕೆ, ಹೆಡಿಂಗ್ 245.

ಆದರೆ ತಪ್ಪು ಡಿಐನದಾಗಿದ್ದು ಅದನ್ನು ಈಗ ಸರಿಮಾಡಿದ್ದರೆ ಆ ಮೊದಲ 5 ಅಲ್ಲೇ ತೀರಿತು. ಬರೀ 4 ಕೂಡಿಸಿ, 240. ಇಲ್ಲಿ ಎರಡು ಸಲ ತಿದ್ದಿ, ಗೆರೆ ದಾಟಿ ಬಲಕ್ಕೆ ಹೋಗುವವರೇ ಜಾಸ್ತಿ.

ತಡವಾಗಿದ್ದರೆ ಇಟಿಎ (ತಲುಪುವ ಅಂದಾಜು ಹೊತ್ತು) ಕೂಡ ತಿದ್ದಿ: 41 ಮೈಲಿಗೆ 77 ನಾಟ್‌ನಲ್ಲಿ 32 ನಿಮಿಷ, ನಿಮ್ಮ ಪ್ಲಾನಿನ 29 ಅಲ್ಲ. ಇಂಧನದ ಲೆಕ್ಕವೂ ಅದರ ಜೊತೆಗೇ.

ರೇಡಿಯಲ್:
ಅನುಮಾನ ಉಳಿದರೆ ಬೆಂಗಳೂರಿನ ವಿಒಆರ್ (ದಿಕ್ಕು ತಿಳಿಸುವ ರೇಡಿಯೊ ಕೇಂದ್ರ) ಟ್ಯೂನ್ ಮಾಡಿ. ಮೋರ್ಸ್ ಗುರುತು ಕೇಳದೆ ಸೂಜಿ ನಂಬಬೇಡಿ. ನಾಬ್ ತಿರುಗಿಸಿ ಸೂಜಿ ನಡುವಿಗೆ ತನ್ನಿ, ಬಾವುಟ ಫ್ರಮ್ ತೋರಿಸಿದಾಗ ಮೇಲೆ ಕಾಣುವ ಅಂಕಿಯೇ ನಿಮ್ಮ ರೇಡಿಯಲ್, ಅಂದರೆ ಕೇಂದ್ರದಿಂದ ನೀವಿರುವ ದಿಕ್ಕು. ಚಾರ್ಟಿನಲ್ಲಿ ವಿಒಆರ್‌ನಿಂದ ಆ ಗೆರೆ ಎಳೆದರೆ ನೀವು ಅದರ ಮೇಲೇ ಎಲ್ಲೋ ಇದ್ದೀರಿ. ಮೂಗು ಯಾವ ಕಡೆ ಇದ್ದರೂ ಈ ಓದು ಬದಲಾಗಲ್ಲ, ಹಾಗಾಗಿ ಡಿಐ ತಪ್ಪಿದ್ದರೂ ನಡೆಯುತ್ತೆ.

ವ್ಯಾಪ್ತಿ ಲೆಕ್ಕ ಹಾಕುವಾಗ ಎತ್ತರವನ್ನು ನೆಲದಿಂದ ತಗೊಳ್ಳಿ. 6,500 ಅಡಿಯಲ್ಲಿದ್ದರೂ ಬೆಂಗಳೂರಿನ ನೆಲವೇ ಸುಮಾರು 3,000 ಅಡಿ. ಉಳಿದ 3,500ರ ವರ್ಗಮೂಲಕ್ಕೆ 1.23 ಗುಣಿಸಿದರೆ 73 ಮೈಲಿ.

ಇನ್ನೊಂದು ಮಾತು. ನಮ್ಮಲ್ಲಿ ವೇರಿಯೇಶನ್ 1 ಡಿಗ್ರಿ ಆಸುಪಾಸು ಇರೋದರಿಂದ ಟ್ರೂ, ಮ್ಯಾಗ್ನೆಟಿಕ್ ಬೆರೆಸಿದರೂ ಯಾರಿಗೂ ಗೊತ್ತಾಗಲ್ಲ. ಮುನ್ಸೂಚನೆಯ ಗಾಳಿ ಟ್ರೂ, ಟವರ್ ಬಾಯಲ್ಲಿ ಹೇಳುವ ಗಾಳಿ ಮ್ಯಾಗ್ನೆಟಿಕ್. ಇದೇ ಉಡಾಫೆಯನ್ನು ತರಬೇತಿಗೆ ಅಂತ ಕೇಪ್‌ಟೌನ್‌ಗೆ ಹೊತ್ತುಕೊಂಡು ಹೋದರೆ ಅಲ್ಲಿ ವೇರಿಯೇಶನ್ ಸುಮಾರು 25 ಪಶ್ಚಿಮ. 75 ಮೈಲಿ ಹಾರುವಷ್ಟರಲ್ಲಿ ಗೆರೆಯಿಂದ 30 ಮೈಲಿ ಆಚೆ ಇರುತ್ತೀರಿ.