ಕೂಳೆ ಕಬ್ಬಿನಲ್ಲಿ ರವದಿ ಸುಡದೆ ಬಿಟ್ಟರೆ ನೀರು ಹಾಯಿಸುವುದು ಹೇಗೆ?

ಎರಿಹೊಲ_ಮುಧೋಳ:
ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ಕಡೆ, ಎರಿ (ಕಪ್ಪು ಮಣ್ಣಿನ) ಭೂಮಿ, ನಾಲ್ಕೂವರೆ ಅಡಿ ಸಾಲು. ಮೊದಲ ವರ್ಷದ ಕಬ್ಬು ಕಾರ್ಖಾನೆಗೆ ಹೋಯಿತು, ಇನ್ನು ಅದೇ ಬುಡದಿಂದ ಮತ್ತೆ ಚಿಗುರುವ ಕೂಳೆ. ಈಗ ಹೊಲದ ತುಂಬ ಮೊಣಕಾಲುದ್ದ ರವದಿ, ಅಂದರೆ ಕಬ್ಬಿನ ಒಣ ಗರಿ. ಅಪ್ಪ ಸಂಜೆಯಾದರೆ ಕಡ್ಡಿಪೆಟ್ಟಿಗೆ ಹಿಡಿದೇ ಹೊಲಕ್ಕೆ ಹೊರಡುತ್ತಾರೆ! ಅವರ ಮಾತೂ ಸುಳ್ಳಲ್ಲ. ರವದಿ ಇದ್ದರೆ ನೀರು ಮುಂದೆ ಸರಿಯಲ್ಲ, ಕಸ ತೆಗೆಯಲು ಎಡೆ ಹೊಡೆಯೋಕಾಗಲ್ಲ, ಇಲಿ ಸೇರುತ್ತವೆ. ಹಾವಿನ ಭಯಕ್ಕೆ ಆಳುಗಳು ಒಳಗೆ ಇಳಿಯಲ್ಲ. ನನಗೆ ಮಾತ್ರ ಸುಡೋಕೆ ಮನಸ್ಸಿಲ್ಲ. ಡ್ರಿಪ್ ಇಲ್ಲ, ಬೋರ್‌ವೆಲ್ ನೀರನ್ನು ಸಾಲಿಗೆ ಬಿಡುತ್ತೇವೆ. ಮಾಡಿ ನೋಡಿದವರು ಹೇಳಿ. ಭೂತಾಯಿ ಭಾಷಣ ಬೇಡ, ಅದು ಪ್ರತಿ ಕೃಷಿ ಮೇಳದಲ್ಲೂ ಆಗುತ್ತದೆ.

ಬೆಲ್ಲದ_ಕೊಪ್ಪರಿಗೆ:
ಸುಟ್ಟುಬಿಡಿ ತಮ್ಮಾ. ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ, ಹುಳ ಸಾಯುತ್ತವೆ, ಒಂದೇ ದಿನದಲ್ಲಿ ಹೊಲ ಚೊಕ್ಕ. ಆಳಿನ ಕೂಲಿ ಯಾರು ಕೊಡುತ್ತಾರೆ?

ರಾಯಬಾಗ_ಕಾಕಾ:
ಕೊಪ್ಪರಿಗೆ ಅಣ್ಣಾ, ಪೊಟ್ಯಾಷ್ ಬೂದಿಯಲ್ಲಿ ಉಳಿಯುವುದು ನಿಜ. ಆದರೆ ಮರುದಿನದ ಗಾಳಿಗೆ ಆ ಬೂದಿ ಯಾರ ಹೊಲ ಸೇರುತ್ತದೋ. ಎಕರೆಗೆ 40 ಟನ್ ಕಬ್ಬು ಬಂದರೆ ಸುಮಾರು 4 ಟನ್ ರವದಿ. ಅದರಲ್ಲಿರುವ ಸಾರಜನಕ ಹತ್ತಿರಹತ್ತಿರ 16 ಕೆಜಿ, ಅಂದರೆ ಮುಕ್ಕಾಲು ಚೀಲ ಯೂರಿಯಾ. ಬೆಂಕಿ ಹಚ್ಚಿದರೆ ಹೆಚ್ಚುಕಡಿಮೆ ಅಷ್ಟೂ ಹೊಗೆ. ಹುಳ ತಿನ್ನುವ ಜೇಡ, ಗುಲಗಂಜಿ ಹುಳಗಳೂ ಅದರ ಜೊತೆಗೇ ಹೋಗುತ್ತವೆ.

ಮುಧೋಳದ ತಮ್ಮಾ, ಎಲ್ಲ ಸಾಲಿಗೂ ರವದಿ ಹಾಸಿದರೆ ನಿಮ್ಮಪ್ಪ ಹೇಳಿದ್ದೇ ಆಗುತ್ತದೆ. ಸಾಲು ಬಿಟ್ಟು ಸಾಲು ಹಾಸಿ. ಖಾಲಿ ಸಾಲಲ್ಲಿ ನೀರು ಬಿಡಿ. ಹೀಗೆ ಮಾಡಿದರೆ ಪ್ರತಿ ಕಬ್ಬಿಗೂ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ರವದಿ. ಎರಿ ಮಣ್ಣಲ್ಲಿ ತೇವ ತಾನಾಗಿ ಪಕ್ಕಕ್ಕೆ ಹಬ್ಬುತ್ತದೆ. ಎಡೆ ಹೊಡೆಯುವುದೂ ಖಾಲಿ ಸಾಲಲ್ಲೇ. ರವದಿ ಸಾಲಲ್ಲಿ ಕಸ ಅಷ್ಟಾಗಿ ಏಳುವುದೇ ಇಲ್ಲ.

ಅದಕ್ಕೂ ಮೊದಲಿನ ಕೆಲಸ ಬುಡದ್ದು. ರವದಿಯನ್ನು ಬುಡದ ಮೇಲಿಂದ ಪೂರ್ತಿ ಸರಿಸಿ, ಬಿಸಿಲು ಬೀಳಲಿ. ಕಡಿಯುವ ಗ್ಯಾಂಗಿನವರು ಬಗ್ಗಲು ಬೇಜಾರಾಗಿ ನಾಲ್ಕು ಬೆರಳು ಮೋಟು ಬಿಟ್ಟಿರುತ್ತಾರೆ. ಹರಿತವಾದ ಕೊಡಲಿಯಿಂದ ನೆಲಮಟ್ಟಕ್ಕೆ ಸವರಿಸಿ. ಮೋಟಿನ ಮೇಲಿನ ಕಣ್ಣಿಂದ (ಗಿಣ್ಣಿನ ಮೊಗ್ಗಿಂದ) ಬರುವ ಮರಿ ಸಣಕಲು. ಮಣ್ಣೊಳಗಿನ ಕಣ್ಣಿಂದ ಬಂದದ್ದು ತನ್ನದೇ ಬೇರು ಬಿಟ್ಟು ದಪ್ಪ ಆಗುತ್ತದೆ. ಇಷ್ಟು ಮಾಡದೆ "ರವದಿ ಹಾಸಿದೆ, ಕೂಳೆ ಚಿಗುರಲಿಲ್ಲ" ಅಂತ ಗೊಣಗುವವರೇ ಜಾಸ್ತಿ.

ಇನ್ನು ಗೊಬ್ಬರ. ಒಣ ರವದಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ. ಅದಕ್ಕೇ ಎಳೆ ಕೂಳೆ ಹಳದಿ ತಿರುಗುವುದು. ಗಡಿಯಾಚೆ ಮಹಾರಾಷ್ಟ್ರದವರು ರವದಿ ಮೇಲೆ ಹೆಕ್ಟೇರಿಗೆ 80 ಕೆಜಿ ಯೂರಿಯಾ, 100 ಕೆಜಿ ಸೂಪರ್ ಫಾಸ್ಫೇಟ್, 10 ಕೆಜಿ ಕೊಳೆಸುವ ಜೀವಾಣು ಗೊಬ್ಬರ ಎರಚುತ್ತಾರೆ. ಎಕರೆಗೆ ಇದರ ಐದರಲ್ಲಿ ಎರಡು ಪಾಲು. ಎರಚಿದ ಮೇಲೆ ಮೊದಲ ಸಲ ಮಾತ್ರ ರವದಿ ಸಾಲಿಗೂ ನೀರು ಬಿಟ್ಟು ನೆನೆಸಿ, ಇಲ್ಲದಿದ್ದರೆ ಯೂರಿಯಾ ಗಾಳಿಪಾಲು.

ಬೆಳೆಗೆ ಕೊಡುವ ಗೊಬ್ಬರ ಬೇರೆ. ಅದನ್ನು ರವದಿ ಮೇಲೆ ಚೆಲ್ಲಬೇಡಿ. ಬುಡದಿಂದ ಅರ್ಧ ಅಡಿ ದೂರ, ಹಾರೆಯಿಂದ ನಾಲ್ಕೈದು ಇಂಚು ಗುಂಡಿ, ಹಿಡಿ ಗೊಬ್ಬರ, ಕಾಲಿಂದ ಮಣ್ಣು ಮುಚ್ಚಿ. ಒಬ್ಬರು ಹಾರೆ ಹಿಡಿದು, ಇನ್ನೊಬ್ಬರು ಬುಟ್ಟಿ ಹಿಡಿದು ನಡೆದರೆ ಕೆಲಸ ಬೇಗ ಸಾಗುತ್ತದೆ.

ಎರಿಹೊಲ_ಮುಧೋಳ:
ಕಾಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಟ್ರ್ಯಾಕ್ಟರಿನ ರವದಿ ಪುಡಿ ಮಾಡುವ ಮಶೀನು ಬೇಕೇ ಬೇಕಾ? ಇಲಿ, ಗೆದ್ದಲಿಗೆ ಏನು?

ರಾಯಬಾಗ_ಕಾಕಾ:
ಬಾಡಿಗೆಗೆ ಸಿಕ್ಕರೆ ಹೊಡೆಸಿ, ತುಂಡಾದ ರವದಿ ಬೇಗ ಕೊಳೆಯುತ್ತದೆ. ಸಿಗದಿದ್ದರೆ ಸುಮ್ನೆ ಕೈಯಿಂದಲೇ ಸರಿಸಿ. ಗೆದ್ದಲು ಒಣಗಿದ್ದಕ್ಕೇ ಬರುವುದು, ತೇವ ಇಟ್ಟರೆ ಅಷ್ಟು ಕಾಟ ಇಲ್ಲ. ಇಲಿ ಮಾತ್ರ ಬಂದೇ ಬರುತ್ತವೆ, ಬದುವಿನ ಬಿಲ ಹುಡುಕಿ ಮುಚ್ಚುತ್ತಾ ಇರಬೇಕು.

ಒಂದು ಮಾತು ಬಿಟ್ಟಿದ್ದೆ. ಪಕ್ಕದ ಹೊಲದವರು ಸುಡುವವರಾದರೆ ಅವರಿಗೆ ಮೊದಲೇ ಹೇಳಿಡಿ. ಬದುವಿನುದ್ದಕ್ಕೂ ಎರಡು ಸಾಲಿನ ರವದಿ ಒಳಕ್ಕೆ ಎಳೆದು ನೆಲ ಬರಿದು ಮಾಡಿ. ಕಿಡಿ ಹಾರಿ ಬಂದರೆ ಚಿಗುರಿದ ಕೂಳೆಯೂ ಸುಡುತ್ತದೆ.